ಲೆಗ್ಗಡೆ: ಕುರುಚಲು ನೆಲದ ಕಲ್ಲಿಲಿ

ಪುಣೆಯ ಪೂರ್ವಭಾಗದಿಂದ ಸೊಲ್ಲಾಪುರ, ವಿಜಯಪುರ, ಗದಗ, ಕೊಪ್ಪಳಗಳವರೆಗೆ ಹಬ್ಬಿದ ದಖ್ಖನ್ನಿನ ಕುರುಚಲು ನೆಲವನ್ನು ಹಗಲಿನಲ್ಲಿ ನೋಡಿದವರಿಗೆ ಅದು ನಿರ್ಜೀವವೆಂದೇ ತೋರುವುದು ಸಹಜ. ಕೆಂಪು ಗರಸು, ಅಲ್ಲಲ್ಲಿ ಬಾರೀಕಂಟಿ, ಮಳೆಗಾಲ ಕಳೆದೊಡನೆ ಒಣಗುವ ಹುಲ್ಲು, ಇಷ್ಟೇ ಕಣ್ಣಿಗೆ ಬೀಳುವುದು. ಆದರೆ ದಿಬ್ಬದ ಓರೆಯಲ್ಲಿ ಒಂದು ಹಿಡಿ ಸಣ್ಣ ಹರಳುಗಳು ಗುಡ್ಡೆಯಾಗಿ ಬಿದ್ದಿದ್ದರೆ, ಅದು ನೀರು ತಂದೊಟ್ಟಿದ ರಾಶಿಯೇ ಆಗಿರಬೇಕೆಂದಿಲ್ಲ. ಒಂದು ಇಲಿಯ ಮನೆಬಾಗಿಲೂ ಆಗಿರಬಹುದು.

ಶಾಸ್ತ್ರದಲ್ಲಿ ಈ ಇಲಿಯ ಹೆಸರು ಮಸ್ ಪ್ಲಾಟಿಥ್ರಿಕ್ಸ್. ಕರ್ನಲ್ ಸೈಕ್ಸ್ ದಖ್ಖನ್ನಿನಲ್ಲಿ ಸಂಗ್ರಹಿಸಿದ ಮಾದರಿಯನ್ನು ಆಧರಿಸಿ ಬೆನೆಟ್ ಎಂಬ ಪ್ರಾಣಿವಿಜ್ಞಾನಿ 1832ರಲ್ಲಿ ಇದನ್ನು ವರ್ಣಿಸಿದನು. ಗ್ರೀಕ್ ಮೂಲದ ಆ ಹೆಸರಿನ ಅರ್ಥ 'ಚಪ್ಪಟೆ ಕೂದಲಿನದು'. ಬೆನ್ನಿನ ಮೇಲಿನ ಕಂದು ಕೂದಲು ಮುಳ್ಳಿನಂತೆ ಒರಟು; ಹೊಟ್ಟೆಯ ಭಾಗ ಬೆಳ್ಳಗೆ; ಬಾಲವು ಮೈಯುದ್ದಕ್ಕಿಂತ ಗಿಡ್ಡ. ಮನೆಯ ಚಿಟ್ಟಿಲಿಯ ಕುಲಕ್ಕೇ ಸೇರಿದ್ದರೂ ಮನೆಯ ಹಂಗು ಇದಕ್ಕಿಲ್ಲ. ರಾತ್ರಿ ಹೊರಬಂದು ಬೀಜ, ಹುಳುಹುಪ್ಪಟೆಗಳನ್ನು ತಿನ್ನುತ್ತದೆ.

ಇದರ ಜೀವನಕ್ರಮವನ್ನು ಮೊದಲು ವಿವರವಾಗಿ ಬರೆದವನು ವಾಲ್ಟರ್ ಎಲಿಯಟ್. ಕನ್ನಡ ಶಾಸನಗಳ ಸಂಗ್ರಾಹಕನಾಗಿ ಈತ ನಮ್ಮ ವಿದ್ವಾಂಸರಿಗೆ ಪರಿಚಿತ. 1824ರ ಕಿತ್ತೂರಿನ ಸಂಗ್ರಾಮದಲ್ಲಿ ಸೆರೆಸಿಕ್ಕವನೂ ಈತನೇ. ಧಾರವಾಡ ಸೀಮೆಯ ಸಸ್ತನಿಗಳ ಕುರಿತ ಈತನ ಪಟ್ಟಿಯು 1839ರಲ್ಲಿ ಮದರಾಸಿನ ಒಂದು ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಈ ಪ್ರಾಣಿಯು ಕೆಂಪು ಗರಸಿನಲ್ಲಿ ಮಾತ್ರ ಬಿಲ ತೋಡುತ್ತದೆ. ಒಳಗಿರುವಾಗ ಬಾಯಿಯನ್ನು ಹರಳುಗಳಿಂದ ಮುಚ್ಚಿಕೊಳ್ಳುತ್ತದೆ. ಹೊರಗೂ ಒಂದಿಷ್ಟು ಕೂಡಿಟ್ಟಿರುತ್ತದೆ. ಒಳಗಣ ಕೋಣೆಯಲ್ಲಿ ಹುಲ್ಲಿನ ಮೆತ್ತೆಯ ಬದಲು ಹರಳಿನದೇ ಹಾಸಿಗೆ. ಒತ್ತಾದ ಒರಟು ಕೂದಲಿರುವುದರಿಂದ ಆ ಹಾಸಿಗೆಯ ಗಡಸು ಅದನ್ನು ಬಾಧಿಸದೆಂಬುದು ಎಲಿಯಟ್‌ನ ಊಹೆ. ಆಸ್ಟ್ರೇಲಿಯದ ಒಣನೆಲಗಳಲ್ಲಿಯೂ ಬಿಲದ ಸುತ್ತ ಹರಳುಗುಡ್ಡೆ ಕಟ್ಟುವ ಇಲಿಗಳುಂಟು. ಅವು ಬೇರೊಂದು ಕುಲದವು.

ಎಲಿಯಟ್‌ಗೆ ಈ ತಿಳಿವಳಿಕೆ ದೊರೆತದ್ದು ಎಲ್ಲಿಂದ? ಅವನು ದಾಖಲಿಸಿರುವ ಹೆಸರುಗಳೇ ಉತ್ತರ ಹೇಳುತ್ತವೆ. ಕಲ್ಲು-ಮಣ್ಣಿನ ಕೆಲಸವೇ ಕಸುಬಾಗಿದ್ದ, ತೆಲುಗಿನ ಒಂದು ಪ್ರಭೇದವನ್ನಾಡುವ ಒಡ್ಡರು (ಇಂದಿನ ಭೋವಿಗಳು) ಇದನ್ನು 'ಲೆಗ್ಗಡೆ' ಎನ್ನುತ್ತಿದ್ದರು. ಕನ್ನಡದಲ್ಲಿ ಒಪ್ಪುವ ಹೆಸರು ಕಲ್ಲಿಲಿ. ಲಂಡನ್ನಿನ ಗ್ರೇ 1837ರಲ್ಲಿ 'ಲೆಗ್ಗಾಡ' ಎಂಬ ಕುಲನಾಮವನ್ನೇ ಪ್ರಕಟಿಸಿದನು. ಕರಿನೆಲದ ಮೃದುರೋಮದ ಇಲಿಗೆ ಒಡ್ಡರಿಟ್ಟ ಹೆಸರು 'ಮೆತ್ತಡೆ'. 'ಮೆತ್ತ'ನೆಂಬ ದ್ರಾವಿಡ ಧಾತು ಅದರಲ್ಲಿ ಸ್ಪಷ್ಟವಾಗಿಯೇ ಕೇಳಿಸುತ್ತದೆ. ಗ್ರೇ ಅದನ್ನು 'ಮೆಲ್ಟಾಡ' ಎಂದು ಅಚ್ಚು ಹಾಕಿಸಿದನು. ನಾಮಕರಣದ ನಿಯಮದಂತೆ ಆ ತಪ್ಪೇ ಇಂದಿಗೂ ಊರ್ಜಿತ. ಎಲಿಯಟ್ ಕನ್ನಡದ ಮಾತೆಂದು ಬರೆದುಕೊಂಡ 'ಗುಲಂದಿ' ಪೊದೆಯಿಲಿಯ ಕುಲವಾದ 'ಗೊಲುಂಡ'ವಾಗಿದೆ. ರೋಮನ್ ಲಿಪಿಯ ದಾಖಲೆಯಾದ್ದರಿಂದ ದ-ಡ ಭೇದ ಅಳಿಸಿಹೋಗಿದೆ. ಉಪಭಾಷೆಗಳ ಅಭ್ಯಾಸಿಗಳಿಗೆ ಇಲ್ಲಿ ಕೆಲಸವುಂಟು.

ಈ ಹೆಸರುಗಳ ಹಿಂದೆ ನೆಲದ ವಿಂಗಡಣೆಯೂ ಇದೆ. ಮೆತ್ತಡೆಯು ಬೇಸಿಗೆಯಲ್ಲಿ ಎರೆಯ ಬಿರುಕುಗಳನ್ನೇ ಮನೆ ಮಾಡಿಕೊಳ್ಳುತ್ತದೆ. ಮುಂಗಾರಿನಲ್ಲಿ ಬಿರುಕು ಕೂಡಿಕೊಂಡಾಗ ಅಸಂಖ್ಯ ಇಲಿಗಳು ಸಾಯುತ್ತವೆ. 1826ರಲ್ಲಿ ಮುಂಗಾರು ಕೈಕೊಟ್ಟಾಗ ಈ ಸಂಹಾರ ನಡೆಯದೆ ಮೆತ್ತಡೆಗಳು ಮಿತಿಮೀರಿ ಹೆಚ್ಚಿದವು. ಬಿತ್ತಿದ ಬೀಜವನ್ನು ತಿಂದು, ಮುಂದೆ ಜೋಳದ ದಂಟನ್ನೇರಿ ತೆನೆ ಕತ್ತರಿಸಿ, ರೈತರು ಕಂದಾಯ ಕಟ್ಟಲಾರದಂತೆ ಮಾಡಿದವು. ಡಜನ್ ಲೆಕ್ಕದಲ್ಲಿ ಕಾಳು ಅಳೆಸಿಕೊಂಡು ಒಡ್ಡರು ಸಾವಿರಾರು ಇಲಿಗಳನ್ನು ಕೊಂದರೂ ಸಂಖ್ಯೆ ಇಳಿದಂತೆ ಕಾಣಲಿಲ್ಲವಂತೆ. ಇದು ಎರೆಯ ಕಥೆ. ಗರಸಿನಲ್ಲಿ ಅಂಥ ಬಿರುಕುಗಳೂ ಇಲ್ಲ, ಅಂಥ ಬೆಳೆಯೂ ಇಲ್ಲ. ಕಲ್ಲಿಲಿಯ ಬಾಳು ಹರಳಿಗೆ ಅಂಟಿಕೊಂಡದ್ದು.

ಇಂದು ಆ ಹರಳುನೆಲದ ಗತಿ ಬೇರೆ. ಹೈದರಾಬಾದಿನ ದೂರಸಂವೇದಿ ಸಂಸ್ಥೆ ಸಿದ್ಧಪಡಿಸಿ 2000ದಲ್ಲಿ ಪ್ರಕಟವಾದ ಬಂಜರುಭೂಮಿ ನಕಾಶೆಯಲ್ಲಿ ಕುರುಚಲು ನೆಲವೂ ಬಂಜರಿನ ಒಂದು ವರ್ಗ. ನಂತರದ ಆವೃತ್ತಿಗಳಲ್ಲಿಯೂ ಹಾಗೆಯೇ. ಹೀಗೆ ಬಂಜರೆನಿಸಿದ ನೆಲವನ್ನು ನೆಡುತೋಪಿಗೋ ಗಣಿಗೋ ಸೌರಫಲಕಕ್ಕೋ ಮಟ್ಟಮಾಡುವುದು ಸುಲಭ. ಕಲ್ಲಿಲಿಯು ಅಳಿವಿನಂಚಿನ ಪ್ರಾಣಿಗಳ ಯಾದಿಯಲ್ಲಿ ಇಲ್ಲವಾದ್ದರಿಂದ ಅದನ್ನು ಮುಂದಿಟ್ಟುಕೊಂಡು ಯಾರೂ ವಾದ ಹೂಡಲಾರರು. 'ಲೆಗ್ಗಾಡ' ಎಂಬ ಕುಲವೂ ಈಗ 'ಮಸ್'ನಲ್ಲಿ ಲೀನವಾಗಿದೆ. ಉಳಿದಿರುವ ಒಡ್ಡರ ಮಾತನ್ನು ಕೇಳಿ ಬರೆದುಕೊಳ್ಳುವ ಕೆಲಸ ಮಾತ್ರ ಪ್ರಾಣಿಶಾಸ್ತ್ರಜ್ಞರದಲ್ಲ. ಧಾರವಾಡ, ಸೊಲ್ಲಾಪುರ, ಪುಣೆಗಳ ಭಾಷಾವಿದ್ಯಾರ್ಥಿಗಳದು.