ಉರಿಯೂತಶಾಮಕ ಔಷಧಗಳು: ವೈದ್ಯರ ಚೀಟಿ ಮತ್ತು ಅಂಗಡಿಯ ಮಾರಾಟ

ಜನರು ‘ನೋವಿನ ಮಾತ್ರೆ’ ಎಂಬ ಒಂದೇ ಹೆಸರಿನಿಂದ ಕರೆಯುವ ಔಷಧಗಳಲ್ಲಿ ಕೆಲವು ಕೇಳಿದವರಿಗೆಲ್ಲ ಅಂಗಡಿಯಲ್ಲಿ ದೊರೆಯತಕ್ಕವು. ಕೆಲವು ವೈದ್ಯರ ಚೀಟಿಯಿಲ್ಲದೆ ದೊರೆಯಕೂಡದವು. ಈ ಭೇದವು ಔಷಧದ ಗುಣದಲ್ಲಿಯೇ ಅಡಗಿದೆಯೆಂದೂ, ಚೀಟಿ ಬೇಡದ ಔಷಧವು ನಿರಪಾಯವೆಂದೂ ಅನೇಕರು ಭಾವಿಸುವುದುಂಟು. ಇತಿಹಾಸವು ಈ ಭಾವನೆಗೆ ಆಧಾರ ಕೊಡುವುದಿಲ್ಲವೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲು ಆಸ್ಪಿರಿನ್ನಿನ ವಿಷಯವನ್ನು ನೋಡೋಣ. ವಿಲ್ಲೋ ಮರದ ತೊಗಟೆಯು ಜ್ವರವನ್ನು ತಗ್ಗಿಸುವುದೆಂದು ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲಿಷ್ ಪಾದ್ರಿಗಳು 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದರು. ಆ ತೊಗಟೆಯ ಸತ್ವಕ್ಕೆ ಸಂಬಂಧಿಸಿದ ರಾಸಾಯನಿಕವೊಂದನ್ನು ಜರ್ಮನಿಯ ಬಾಯರ್ ಸಂಸ್ಥೆಯು 1899ರಲ್ಲಿ ಆಸ್ಪಿರಿನ್ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. 1915ರಲ್ಲಿ ಅದು ಚೀಟಿಯಿಲ್ಲದೆ ದೊರೆಯುವಂತಾಯಿತು. ಆದರೆ ಅದು ದೇಹದಲ್ಲಿ ಹೇಗೆ ಕೆಲಸಮಾಡುತ್ತದೆಂಬುದು ತಿಳಿದದ್ದು 1971ರಲ್ಲಿ. ನೋವು, ಬಾವುಗಳನ್ನು ಹೆಚ್ಚಿಸುವ ಪ್ರೋಸ್ಟಗ್ಲ್ಯಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನು ಅದು ತಡೆಯುತ್ತದೆಂದು ಜಾನ್ ವೇನ್ ಅವರು ತೋರಿಸಿಕೊಟ್ಟರು. ಜಠರದ ಒಳಪೊರೆಯನ್ನು ಕಾಯುವುದಕ್ಕೂ ಮೂತ್ರಪಿಂಡಗಳಿಗೆ ರಕ್ತ ಸರಿಯಾಗಿ ಹರಿಯುವುದಕ್ಕೂ ನೆರವಾಗುವ ದ್ರವ್ಯಗಳು ಇದೇ ವರ್ಗದವು. ಆದ್ದರಿಂದ ಈ ಔಷಧಗಳ ಉಪಕಾರ, ಅಪಾಯ ಎರಡೂ ಒಂದೇ ಮೂಲದಿಂದ ಹೊರಟಿವೆ.

ಚೀಟಿಯ ಔಷಧವು ಅಂಗಡಿಯ ಔಷಧವಾದ ಬಗೆಗೆ ಐಬುಪ್ರೊಫೆನ್ ಒಳ್ಳೆಯ ನಿದರ್ಶನ. ನಾಟಿಂಗ್‌ಹ್ಯಾಮಿನ ಬೂಟ್ಸ್ ಸಂಸ್ಥೆಯಲ್ಲಿ ಸ್ಟೂವರ್ಟ್ ಆಡಮ್ಸ್ ಮತ್ತು ಅವರ ಸಹೋದ್ಯೋಗಿಗಳು ಕಂಡುಹಿಡಿದ ಈ ಔಷಧವು 1969ರಲ್ಲಿ ಬ್ರಿಟನ್ನಿನ ಸಂಧಿವಾತ ರೋಗಿಗಳಿಗೆ ವೈದ್ಯರ ಚೀಟಿಯ ಮೇಲೆ ದೊರೆಯತೊಡಗಿತು. 1983ರಲ್ಲಿ ಬ್ರಿಟನ್ನಿನಲ್ಲಿಯೂ 1984ರಲ್ಲಿ ಅಮೆರಿಕದಲ್ಲಿಯೂ ಚೀಟಿಯ ನಿರ್ಬಂಧ ಸಡಿಲಿತು. ಔಷಧವು ಬದಲಾಗಲಿಲ್ಲ, ಪ್ರಮಾಣ, ಬಳಕೆಯ ಅವಧಿ ಮತ್ತು ಮಾರಾಟದ ಹೆಸರು ಬದಲಾದವು. ಅಂಗಡಿಯ ಮಾತ್ರೆ ಸಾಮಾನ್ಯವಾಗಿ 200 ಮಿಲಿಗ್ರಾಂ. ದಿನದ ಮಿತಿ 1200. ವೈದ್ಯರ ಮೇಲ್ವಿಚಾರಣೆಯಲ್ಲಾದರೆ ಅಮೆರಿಕದಲ್ಲಿ 3200ರವರೆಗೂ ಕೊಡುವುದುಂಟು. ಬ್ರಿಟನ್ನಿನಲ್ಲಿ ಚೀಟಿಯ ಮೇಲೆ ಬ್ರೂಫೆನ್ ಎನಿಸಿಕೊಂಡದ್ದೇ ಅಂಗಡಿಯಲ್ಲಿ ನ್ಯೂರೋಫೆನ್ ಆಯಿತು.

ತೊಡಕು ಹುಟ್ಟುವುದು ಇಲ್ಲಿಯೇ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಸೇವಿಸುತ್ತಿರುವವರು ತಲೆನೋವೆಂದು ಬೇರೆ ಹೆಸರಿನ ಮಾತ್ರೆಯನ್ನು ಕೊಂಡರೆ, ಅರಿಯದೆಯೇ ಒಂದೇ ಔಷಧವನ್ನು ಇಮ್ಮಡಿಯಾಗಿ ಸೇವಿಸಿದಂತಾಗಬಹುದು. ಡೈಕ್ಲೊಫೆನಾಕ್‌ನೊಡನೆ ಐಬುಪ್ರೊಫೆನ್ ಸೇರಿದರೂ ಜಠರದ ಹುಣ್ಣು, ರಕ್ತಸ್ರಾವಗಳ ಭಯ ಹೆಚ್ಚುತ್ತದೆ. ಹಾಗೆಂದು ಚೀಟಿಯೊಂದೇ ಅಭಯವೂ ಅಲ್ಲ. 1999ರಲ್ಲಿ ಬಂದ ರೋಫೆಕಾಕ್ಸಿಬ್ ಚೀಟಿಯ ಔಷಧವೇ ಆಗಿದ್ದರೂ, ಹೃದಯಾಘಾತದ ಸಂಭವವನ್ನು ಹೆಚ್ಚಿಸುವುದೆಂದು ಕಂಡುಬಂದು 2004ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು.

ನಮ್ಮ ದೇಶದಲ್ಲಿ 1940ರ ಕಾಯಿದೆ ಮತ್ತು 1945ರ ನಿಯಮಗಳು ಈ ವಿಷಯವನ್ನು ನಿಯಂತ್ರಿಸುತ್ತವೆ. ಡೈಕ್ಲೊಫೆನಾಕ್ ‘ಎಚ್’ ಅನುಸೂಚಿಗೆ ಸೇರಿದುದರಿಂದ ಅದಕ್ಕೆ ಚೀಟಿ ಬೇಕು. ಆಸ್ಪಿರಿನ್ ಮಾತ್ರೆಗಾದರೋ, ಸಾವಿರ ಜನಸಂಖ್ಯೆಯನ್ನು ಮೀರದ ಹಳ್ಳಿಗಳಲ್ಲಿ ಮನೆಮದ್ದೆಂದು ಮಾರಲು ‘ಕೆ’ ಅನುಸೂಚಿಯು ಪರವಾನಗಿಯ ವಿನಾಯಿತಿಯನ್ನು ಕೊಟ್ಟಿತು. ಆದರೆ ಆಚರಣೆಯಲ್ಲಿ ಈ ಗೆರೆ ಬಹಳ ಮಟ್ಟಿಗೆ ಅಳಿಸಿಹೋಗಿದೆ. ಹಳೆಯ ಚೀಟಿಯನ್ನೇ ಮತ್ತೆ ಮತ್ತೆ ತೋರಿಸುವುದು, ನೆರೆಯವರಿಗೆ ಗುಣವಾದ ಮಾತ್ರೆಯನ್ನು ಹೆಸರು ಹೇಳಿ ಕೇಳುವುದು ಸಾಮಾನ್ಯ. ಪಟ್ಟಿಯಿಂದ ಕತ್ತರಿಸಿ ಕೊಟ್ಟ ಎರಡು ಮಾತ್ರೆಗಳ ಮೇಲೆ ಔಷಧದ ಹೆಸರಾಗಲಿ ಪ್ರಮಾಣವಾಗಲಿ ಅನೇಕ ವೇಳೆ ಉಳಿದಿರುವುದೇ ಇಲ್ಲ. ಅನ್ಯದೇಶಗಳಲ್ಲಿ ಚೀಟಿಯನ್ನು ತೆಗೆದಾಗ ಆ ಸ್ಥಾನಕ್ಕೆ ಮುದ್ರಿತ ಸೂಚನೆಯನ್ನು ತಂದರು. ನಮ್ಮಲ್ಲಿ ಎಷ್ಟೋ ಸಲ ಕೊಳ್ಳುವವನಿಗೆ ಎರಡೂ ಇಲ್ಲ.

ಆದ್ದರಿಂದ ಚೀಟಿ ಬೇಕೇ ಬೇಡವೇ ಎಂಬುದಷ್ಟನ್ನೇ ಕೇಳಿದರೆ ಸಾಲದು. ಮಾತ್ರೆಯ ಮೂಲ ಹೆಸರೇನು, ಪ್ರಮಾಣವೆಷ್ಟು, ಎಷ್ಟು ದಿನ, ಜೊತೆಗೆ ಬೇರೇನನ್ನು ಸೇವಿಸಲಾಗುತ್ತಿದೆ ಎಂಬುವನ್ನು ಕೇಳಬೇಕು. ಹುಣ್ಣು, ಹೃದ್ರೋಗ, ಮೂತ್ರಪಿಂಡದ ಕಾಯಿಲೆಗಳಿರುವವರೂ ಗರ್ಭಿಣಿಯರೂ ಇದನ್ನು ವೈದ್ಯರಲ್ಲಿಯೇ ಕೇಳುವುದು ಅವಶ್ಯಕ. ಕಾನೂನು ಎಳೆದ ಗೆರೆಯು ಕಾಲಕಾಲಕ್ಕೆ ಸರಿಯುತ್ತ ಬಂದಿದೆ. ಔಷಧವು ದೇಹದಲ್ಲಿ ನಡೆಸುವ ಕಾರ್ಯ ಮಾತ್ರ ಗೆರೆಯ ಎರಡು ಕಡೆಯೂ ಒಂದೇ.