ಮಳೆಗಾಲದ ಅಂಗಳದಲ್ಲಿ ಸ್ಕೇಟ್‌ಬೋರ್ಡ್

ನಮ್ಮ ಕಾಸರಗೋಡು ಕಡೆಯ ಕೃಷಿಕರ ಮನೆಗಳಲ್ಲಿ ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತದೆ. ಮಕ್ಕಳಿಗೆ ಅದೇ ಆಟದ ಬಯಲು. ಅಲ್ಲಿ ಸೈಕಲಿನ ಜೊತೆ ಸ್ಕೇಟ್‌ಬೋರ್ಡ್ ಬಂದರೆ ಹಿರಿಯರು ಗದರಿಸಿ ಅಟ್ಟಕ್ಕೆ ಹಾಕಬೇಕೆಂದು ನಾವು ಹೇಳುವುದಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಮೊದಲ ಬಾರಿ ಸೇರಿದ ಆಟವಿದು. ಆದರೆ ಬೇಸಿಗೆಯ ಅಂಗಳ ಬೇರೆ, ಆಟಿ ತಿಂಗಳ ಅಂಗಳ ಬೇರೆ.

ಈ ಬೋರ್ಡಿನ ಗಾಲಿಗಳು ಪಾಲಿಯುರೆಥೇನಿನವು, ಮೈ ನುಣುಪು. ಒದ್ದೆ ನೆಲದಲ್ಲಿ ನೇರವಾಗಿ ಹೋಗುವಾಗ ಏನೂ ತಿಳಿಯುವುದಿಲ್ಲ. ತಿರುಗಿಸಲು ಮೈ ಓರೆ ಮಾಡಿದ ಕೂಡಲೇ ಗಾಲಿ ಅಡ್ಡಕ್ಕೆ ಜಾರುತ್ತದೆ. ಬ್ರೇಕ್ ಇಲ್ಲ. ಕಾಲೂರಿ ನಿಲ್ಲಿಸಬೇಕು, ಆ ಕಾಲೂ ಜಾರುತ್ತದೆ. ಆದ್ದರಿಂದ ನೆಲ ಒದ್ದೆಯಿದ್ದರೆ ಆಟ ಬೇಡ. ಗಾಲಿ ಎಷ್ಟೇ ಒಳ್ಳೆಯದಿದ್ದರೂ ಈ ಮಾತು ಬದಲಾಗದು.

ನೀರಿಗಿಂತ ಹಾವಸೆ ಕೆಟ್ಟದು. ತೆಂಗಿನ ನೆರಳು ಬೀಳುವಲ್ಲಿ, ಮಾಡಿನ ನೀರು ಸುರಿಯುವ ಸಾಲಿನಲ್ಲಿ ಅದು ಕಪ್ಪಾಗಿ ಒಣಗಿ ನಿಂತಿರುತ್ತದೆ. ನಾಲ್ಕು ಹನಿ ಬಿದ್ದರೆ ಪುನಃ ಲೋಳೆ. ಬೂಟಿನ ಅಡಿಯಿಂದ ಬಲವಾಗಿ ಉಜ್ಜಿ ನೋಡಬೇಕು. ಕಾಲು ಜಾರಿದಲ್ಲಿ ಬೋರ್ಡು ಇಳಿಸಬಾರದು. ಒಣಗಿದ ಜಾಗದಿಂದ ವೇಗವಾಗಿ ಬಂದು ಇಂಥ ಕಲೆಯ ಮೇಲೆ ಹತ್ತುವುದೇ ಹೆಚ್ಚು ಅಪಾಯ. ಹಾಗೆಯೇ ಸಣ್ಣ ಕಲ್ಲು, ಅಡಿಕೆ ಸಿಪ್ಪೆ ಗಾಲಿಗೆ ಸಿಕ್ಕಿದರೆ ಬೋರ್ಡು ನಿಲ್ಲುತ್ತದೆ, ಮಗು ಮುಂದಕ್ಕೆ ಹಾರುತ್ತದೆ.

ಹಾವಸೆ ತೆಗೆಯಲು ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕದಡಿ ಸುರಿದು, ಸ್ವಲ್ಪ ಹೊತ್ತು ಬಿಟ್ಟು ಹಿಡಿಸೂಡಿಯಿಂದ ಉಜ್ಜಿ ತೊಳೆಯಿರಿ. ಕೈಗೆ ಗ್ಲೌಸ್ ಇರಲಿ. ಬೇಗ ಹೋಗಲೆಂದು ಕಕ್ಕುಸು ತೊಳೆಯುವ ಆಸಿಡ್ ಬೆರೆಸಲೇಬಾರದು, ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ತೊಳೆದ ನೀರು ಬಾವಿಯ ಕಡೆಗಾಗಲಿ ದನದ ಬಾನಿಗಾಗಲಿ ಹೋಗದಿರಲಿ. ಬಚ್ಚಲಿಗೆ ನಡೆಯುವ ಅಜ್ಜಿಗೂ ಇದರಿಂದ ಉಪಕಾರ.

ಹೆಲ್ಮೆಟ್ ತಲೆಗೆ ಸರಿಯಾಗಿ ಕೂರಬೇಕು; ಅಪ್ಪನ ಬೈಕಿನ ಸಡಿಲ ಹೆಲ್ಮೆಟ್ ಸಾಲದು. ಮಣಿಕಟ್ಟಿಗೆ, ಮೊಣಕಾಲಿಗೆ ಗಾರ್ಡ್ ಬೇಕು. ಬೀಳುವಾಗ ಕೈಯನ್ನು ನೆಟ್ಟಗೆ ಊರಿದರೆ ಮಣಿಕಟ್ಟು ಮುರಿಯುತ್ತದೆ. ಮೊಣಕಾಲು ಬಾಗಿಸಿ, ತಗ್ಗಿ, ಭುಜದ ಬದಿಗೆ ಉರುಳುವುದನ್ನು ಮೊದಲು ಹುಲ್ಲಿನ ಮೇಲೆ ಕಲಿಯಲಿ.

ಕೈ ಊದಿಕೊಂಡರೆ ಎಳೆಯಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಅಡಿಕೆ ಹಾಳೆಯನ್ನು ಅಳತೆಗೆ ಕತ್ತರಿಸಿ, ಒಳಗೆ ಮೆತ್ತನೆಯ ಬಟ್ಟೆಯಿಟ್ಟು ಬಿಗಿಯಾಗದಂತೆ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯಿರಿ. ತಲೆಗೆ ಪೆಟ್ಟಾದ ಮಗು ವಾಂತಿ ಮಾಡಿದರೆ, ತೂಕಡಿಸಿದರೆ, ಮಾತು ತೊದಲಿದರೆ ಮಲಗಿ ಎದ್ದರೆ ಸರಿಹೋದೀತೆಂದು ಕಾಯಬಾರದು, ತಕ್ಷಣ ಹೊರಡಿ.

ನೆನೆದ ಬೋರ್ಡನ್ನು ಒರೆಸಿ ಇಡದಿದ್ದರೆ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ, ಪದರದ ಮರ ಉಬ್ಬುತ್ತದೆ. ಮಳೆ ಬಿಟ್ಟು ಅಂಗಳ ಚೆನ್ನಾಗಿ ಒಣಗುವ ಹೊತ್ತಿಗೆ ಅಡಿಕೆಯೂ ಬಂದಿರುತ್ತದೆ. ಆಗ ಒಂದು ಮೂಲೆಯನ್ನು ಮಕ್ಕಳಿಗೆ ಬಿಡುವುದೋ ಬೇಡವೋ, ಅದು ನಿಮ್ಮ ಮನೆಯೊಳಗಿನ ಮಾತು.