ನರಿಯೊಂದು ಪುಟವಾದ ಬಗೆ

ಪುಟದ ನೆತ್ತಿಯ ಮೇಲೆ ಎರಡು ಚೂಪು ಕಿವಿ, ಬುಡದಲ್ಲಿ ಸುತ್ತಿಕೊಂಡ ಬಾಲ. ನಡುವೆ ಚಿತ್ರ ಬರೆಯುವವರೊಬ್ಬರ ವಾರದ ವರ್ತಮಾನ: ಯಾವ ಚಿತ್ರ ಮುಗಿಯಿತು, ಯಾವುದು ಅರ್ಧಕ್ಕೆ ನಿಂತಿದೆ. ಡೀವಿಯಂಟ್‌ಆರ್ಟ್ ಎಂಬ ಕಲಾವಿದರ ಜಾಲತಾಣದಲ್ಲಿ ಸದಸ್ಯರು ತಮ್ಮ ದಿನಚರಿ ಪುಟಗಳಿಗೆ ಹೀಗೆ ವೇಷ ತೊಡಿಸುತ್ತಿದ್ದರು. ಈ ವೇಷಕ್ಕೆ ಅಲ್ಲಿ ಸ್ಕಿನ್ ಎಂದೇ ಹೆಸರು. ನರಿ, ತೋಳ, ಬೆಕ್ಕು, ಡ್ರ್ಯಾಗನ್ ಎಲ್ಲವೂ ಪುಟಗಳಾಗಿದ್ದವು. ಹಾಯಾಗಿ ಓದಿಸಿಕೊಳ್ಳುತ್ತಿದ್ದ ಆ ಪುಟಗಳ ಹಿಂದಿನ ಕಸುಬು ಎಷ್ಟು ಸೂಕ್ಷ್ಮದ್ದು ಎಂಬುದನ್ನು ಹತ್ತಿರದಿಂದ ನೋಡಬೇಕು.

ಬೇರು ಹುಡುಕುತ್ತ ಹೋದರೆ ಹಾಡು ಕೇಳಿಸುವ ತಂತ್ರಾಂಶವೊಂದು ಸಿಗುತ್ತದೆ. ಅದು 1997ರಲ್ಲಿ ಬಂದ ವಿನ್‌ಆಂಪ್. ಅದರ ಮುಖ್ಯ ಕಿಟಕಿ 275 ಪಿಕ್ಸೆಲ್ ಅಗಲ, 116 ಪಿಕ್ಸೆಲ್ ಎತ್ತರ. ಗುಂಡಿ, ಅಂಕಿ, ಜಾರುಪಟ್ಟಿಗಳನ್ನು ಬೇರೆ ಬೇರೆ ಚಿತ್ರಗಳಾಗಿ ಬರೆದು ಒಟ್ಟಿಗೆ ಜಿಪ್ ಮಾಡಿದರೆ ಹೊಸ ಸ್ಕಿನ್ ಸಿದ್ಧ. ಪ್ರೋಗ್ರಾಮಿಂಗ್ ಬಾರದವರೂ ಕೈ ಹಾಕಬಹುದಿತ್ತು, ಹಾಕಿದರು. ಇಂಥ ಸ್ಕಿನ್‌ಗಳನ್ನು ಹಂಚಿಕೊಳ್ಳುವ ತಾಣಗಳು ಹುಟ್ಟಿಕೊಂಡವು. ಆ ಲೋಕದಿಂದಲೇ 2000ದ ಆಗಸ್ಟ್ 7ರಂದು ಡೀವಿಯಂಟ್‌ಆರ್ಟ್ ಹೊರಬಂತು. ಏಂಜೆಲೊ ಸೊಟೀರ, ಸ್ಕಾಟ್ ಜಾರ್ಕಾಫ್, ಮ್ಯಾಥ್ಯೂ ಸ್ಟೀಫನ್ಸ್ ಅದನ್ನು ಕಟ್ಟಿದವರು. ತೈಲಚಿತ್ರ, ಛಾಯಾಚಿತ್ರ, ಕವಿತೆಗಳೆಲ್ಲ ಅಲ್ಲಿ ಮನೆಮಾಡಿದವು ನಿಜ. ಆದರೆ ಪರದೆಯ ಮೇಲಿನ ವಸ್ತುವಿಗೆ ಹೊಸ ರೂಪ ಕೊಡುವ ಆಸೆ ಆ ತಾಣಕ್ಕೆ ಹುಟ್ಟಿನಿಂದಲೇ ಬಂದದ್ದು.

ದಿನಚರಿ ಪುಟದ ಮೇಲೆ ಕೈಯಾಡಿಸುವ ಅವಕಾಶ ಹಣ ಕಟ್ಟಿದ ಸದಸ್ಯರಿಗೆ ಸಿಕ್ಕಿತು. ಅದೂ ಬಿಗಿಯಾದ ಮಿತಿಯೊಳಗೆ: ಪುಟದ ರೂಪ ಹೇಳುವ ಸಿಎಸ್‌ಎಸ್ ಬರೆಯಬಹುದು, ಜಾವಾಸ್ಕ್ರಿಪ್ಟ್ ಕೂಡದು. ಅಂಥ ಬಿಗಿ ಏಕೆ ಬೇಕೆಂಬುದನ್ನು 2005ರ ಅಕ್ಟೋಬರ್‌ನಲ್ಲಿ ಮೈಸ್ಪೇಸ್ ತಾಣ ಜಗತ್ತಿಗೇ ತೋರಿಸಿತು. ಅಲ್ಲಿ ಒಬ್ಬ ಬಳಕೆದಾರ ತನ್ನ ಪುಟದ ಅಲಂಕಾರದೊಳಗೆ ಅಡಗಿಸಿಟ್ಟ ಸಣ್ಣ ಸ್ಕ್ರಿಪ್ಟ್, ಸ್ಯಾಮಿ ವರ್ಮ್ ಎಂದು ಹೆಸರಾದದ್ದು, ಒಂದೇ ದಿನದೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಖಾತೆಗಳಿಗೆ ಹರಡಿತು. ಸದಸ್ಯರ ಕೈಗೆ ಪುಟ ಕೊಡುವ ಯಾವ ತಾಣಕ್ಕೂ ಈ ಭಯ ಇದ್ದೇ ಇರುತ್ತದೆ.

ಈ ಮಿತಿಯಿಂದಲೇ ಸ್ಕಿನ್ ಕಲೆ ರೂಪುಗೊಂಡಿತು ಎಂಬುದು ನನ್ನ ನಂಬಿಕೆ. ತಲೆಬರಹಕ್ಕೊಂದು ಬಾಕ್ಸ್, ಬರಹಕ್ಕೊಂದು, ಬುಡಕ್ಕೊಂದು, ಎಲ್ಲವನ್ನೂ ಒಳಗೊಳ್ಳುವ ಹೊರಬಾಕ್ಸ್ ಒಂದು. ಈ ಚೌಕಟ್ಟು ತಾಣ ಕೊಟ್ಟದ್ದು, ಅಲುಗಿಸುವಂತಿಲ್ಲ. ಪ್ರಾಣಿಯನ್ನು ಇದಕ್ಕೆ ತಕ್ಕಂತೆ ಕತ್ತರಿಸಬೇಕು. ನರಿಯ ಕಿವಿ, ಹಣೆ ತಲೆಬರಹಕ್ಕೆ. ಬಾಲ ಬುಡಕ್ಕೆ. ಮೈ ಎಲ್ಲಿಗೆ? ಬರಹ ಇಂದು ನಾಲ್ಕು ಸಾಲು, ನಾಳೆ ನಾಲ್ಕು ನೂರು ಸಾಲು. ಅದರ ಜೊತೆಗೆ ನರಿಯ ಮೈಯೂ ಬೆಳೆಯಬೇಕು, ಕುಗ್ಗಬೇಕು. ಅದಕ್ಕೆ ರೋಮದ ಒಂದು ಗಿಡ್ಡ ಪಟ್ಟಿ ಬರೆದು, ಕೆಳಮುಖವಾಗಿ ಮತ್ತೆ ಮತ್ತೆ ಬರುವಂತೆ ಹಿನ್ನೆಲೆಗೆ ಹಾಕುತ್ತಾರೆ. ಪಟ್ಟಿಯ ಕೊನೆಯ ಸಾಲು ಮೊದಲ ಸಾಲಿಗೆ ಕೂಡದಿದ್ದರೆ ಪುಟದುದ್ದಕ್ಕೂ ಹೊಲಿಗೆ ಕಾಣುತ್ತದೆ. ಫೋಟೋಶಾಪ್‌ನ ಆಫ್‌ಸೆಟ್ ಫಿಲ್ಟರ್‌ನಿಂದ ಚಿತ್ರವನ್ನು ಅರ್ಧ ಸರಿಸಿದರೆ ಆ ಹೊಲಿಗೆ ನಟ್ಟನಡುವೆ ಬಂದು ನಿಲ್ಲುತ್ತದೆ. ಅದರ ಮೇಲೆ ಒಂದೊಂದೇ ಕೂದಲೆಳೆ ಬರೆದು ಮುಚ್ಚುತ್ತಾರೆ. ಎದ್ದು ಕಾಣುವ ಮಚ್ಚೆಯನ್ನು ಆ ಪಟ್ಟಿಯಲ್ಲಿ ಇಡುವಂತಿಲ್ಲ. ಇಟ್ಟರೆ ಅದೇ ಮಚ್ಚೆ ಪುಟ ಮುಗಿಯುವವರೆಗೂ ಅದೇ ಅಂತರದಲ್ಲಿ ಕಾಣಿಸಿಕೊಂಡು, ಮೈ ಹೋಗಿ ಗೋಡೆ ಕಾಗದವಾಗುತ್ತದೆ.

ರೋಮದ ಅಂಚು ಇನ್ನೂ ಕಷ್ಟದ್ದು. ಕೂದಲಿನ ತುದಿ ಅರೆಪಾರದರ್ಶಕ. ಜಿಐಎಫ್ ಚಿತ್ರದಲ್ಲಿ ಒಂದು ಪಿಕ್ಸೆಲ್ ಪೂರ್ತಿ ಇರುತ್ತದೆ, ಇಲ್ಲವೇ ಪೂರ್ತಿ ಇರುವುದಿಲ್ಲ. ಪಿಎನ್‌ಜಿಗೆ ಅರೆಪಾರದರ್ಶಕತೆ ಗೊತ್ತು, ಆದರೆ ಆಗ ಬಹುಮಂದಿ ಬಳಸುತ್ತಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಅದನ್ನು ಸರಿಯಾಗಿ ತೋರಿಸುತ್ತಿರಲಿಲ್ಲ. ಹಾಗಾಗಿ ಕಲಾವಿದರು ತಾಣದ ಹಿನ್ನೆಲೆಯ ಬೂದುಹಸಿರು ಬಣ್ಣವನ್ನೇ ಕುಂಚಕ್ಕೆ ತೆಗೆದುಕೊಂಡು, ರೋಮದ ಅಂಚನ್ನು ಅದರೊಳಕ್ಕೆ ಕರಗಿಸಿಬಿಡುತ್ತಿದ್ದರು. ಆ ನರಿಯನ್ನು ಬೇರೆ ಬಣ್ಣದ ಹಿನ್ನೆಲೆಗೆ ಒಯ್ದರೆ ಸುತ್ತಲೂ ಹಸಿರು ಗೆರೆ ಕಾಣುತ್ತದೆ.

ಇನ್ನು ಬರಹದ ಜಾಗ. ಹುಲಿಪಟ್ಟೆ, ಚಿರತೆಮಚ್ಚೆಯ ಮೇಲೆಯೇ ಅಕ್ಷರ ಕೂರಿಸಿದ ಸ್ಕಿನ್‌ಗಳು ಬೇಕಾದಷ್ಟು ಬಂದಿವೆ. ಒಂದು ಪ್ಯಾರಾ ಓದುವುದರೊಳಗೆ ಕಣ್ಣು ಸೋಲುತ್ತದೆ. ನುರಿತವರು ಬಣ್ಣವನ್ನು ಪ್ರಾಣಿಯಿಂದಲೇ ಎತ್ತಿಕೊಳ್ಳುತ್ತಾರೆ, ಆದರೆ ಎತ್ತಿಕೊಳ್ಳುವ ಭಾಗ ಬೇರೆ. ಕೆಂಪುನರಿ ಎಂದೊಡನೆ ಕಿತ್ತಳೆ ನೆನಪಾದರೂ ಅದರ ಗಂಟಲು, ಎದೆ ಕೆನೆಬಿಳಿ, ಕಾಲುಗಳು ಕಪ್ಪಿಗೆ ತಿರುಗಿದ ಕಂದು. ಎದೆಯ ಬಿಳಿಯನ್ನು ಹಾಳೆಗೆ, ಕಾಲಿನ ಕಂದನ್ನು ಅಕ್ಷರಕ್ಕೆ ಕೊಟ್ಟರೆ ಓದು ಸಲೀಸು. ಕಿತ್ತಳೆ ಅಂಚಿಗಷ್ಟೇ ಸಾಕು. ಜಾಲಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿ 2008ರಲ್ಲಿ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರ ವ್ಯತ್ಯಾಸ ಬೇಕೆಂದಿತು. ಕೆನೆಬಿಳಿಯ ಮೇಲೆ ಹೊಳೆವ ಕಿತ್ತಳೆ ಲಿಂಕ್ ಬರೆದರೆ ಅಲ್ಲಿಗೆ ಮುಟ್ಟುವುದಿಲ್ಲ.

ಸಾಲುಗಳ ನಡುವಿನ ಜಾಗದ ಮಾತೂ ಇದೆ. ಇಂಗ್ಲಿಷ್ ಅಳತೆಯಲ್ಲಿ ಬಿಗಿಯಾಗಿ ಕಟ್ಟಿದ ಸ್ಕಿನ್‌ನಲ್ಲಿ ಕನ್ನಡ ಬರೆದರೆ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆ. ನಮ್ಮ ಲಿಪಿಗೆ ಕೆಳಗೂ ಮೇಲೂ ಉಸಿರಾಡುವಷ್ಟು ಜಾಗ ಬೇಕು.

ಜಾವಾಸ್ಕ್ರಿಪ್ಟ್ ಇಲ್ಲದೆಯೂ ನರಿ ಕಣ್ಣು ತೆರೆಯುತ್ತಿತ್ತು. ಮುಚ್ಚಿದ ಕಣ್ಣು, ತೆರೆದ ಕಣ್ಣು ಎರಡನ್ನೂ ಒಂದೇ ಚಿತ್ರದಲ್ಲಿ ಮೇಲೆ ಕೆಳಗೆ ಬರೆದು, ಅರ್ಧ ಮಾತ್ರ ಕಾಣುವಂತೆ ಇಡುವುದು. ಲಿಂಕ್ ಮೇಲೆ ಮೌಸ್ ಬಂದಾಗ ಹಿನ್ನೆಲೆಯನ್ನು ಮೇಲಕ್ಕೆ ಸರಿಸಿದರೆ ಮುಗಿಯಿತು. ಸ್ಪ್ರೈಟ್ ಎನ್ನುವ ಈ ತಂತ್ರ ಹಳೆಯ ವಿಡಿಯೊ ಗೇಮ್‌ಗಳಿಂದ ಬಂದದ್ದು. ಡೇವ್ ಶೇ 2004ರಲ್ಲಿ ಬರೆದ ಲೇಖನದಿಂದ ಜಾಲವಿನ್ಯಾಸಕರ ನಡುವೆ ಹರಡಿತು.

ಪುಟದ ಬುಡದಲ್ಲಿ, ಬಾಲದ ಪಕ್ಕದಲ್ಲಿ, ಸಣ್ಣಕ್ಷರದ ಋಣಸ್ಮರಣೆ ಇರುತ್ತಿತ್ತು: ರೋಮದ ಬ್ರಷ್ ಯಾರದ್ದು, ನೋಡಿ ಬರೆದ ಫೋಟೊ ಯಾರದ್ದು. ಪ್ರಾಣಿಗಳ ಫೋಟೊ ತೆಗೆದು ‘ಹೆಸರು ಹಾಕಿ ಬಳಸಿಕೊಳ್ಳಿ’ ಎಂದು ಇತರರಿಗೆ ಬಿಟ್ಟುಕೊಡುವ ಸದಸ್ಯರು ಆ ತಾಣದಲ್ಲಿದ್ದರು. ಅವರಿಲ್ಲದೆ ಎಷ್ಟೋ ತೋಳ, ಕುದುರೆಗಳಿಗೆ ಕಾಲಿನ ಕೀಲು ಸರಿಯಾಗಿ ಬರುತ್ತಿರಲಿಲ್ಲ. ಆ ಸಾಲನ್ನು ಅಳಿಸಿ ಸ್ಕಿನ್ ಹಂಚುವುದನ್ನು ಕಳ್ಳತನವೆಂದೇ ಎಣಿಸುತ್ತಿದ್ದರು. ಅದು ಸರಿಯಾದ ಎಣಿಕೆ.

2020ರ ಮೇ ತಿಂಗಳಲ್ಲಿ ಡೀವಿಯಂಟ್‌ಆರ್ಟ್ ಎಕ್ಲಿಪ್ಸ್ ಎಂಬ ಹೊಸ ವಿನ್ಯಾಸಕ್ಕೆ ಪೂರ್ತಿ ಬದಲಾದಾಗ, ಸದಸ್ಯರೇ ಸಿಎಸ್‌ಎಸ್ ಬರೆದು ದಿನಚರಿ ಕಟ್ಟುವ ಪರಿಪಾಠ ಹಿಂದೆ ಸರಿಯಿತು. ಕಸುಬು ಮಾತ್ರ ನಿಲ್ಲಲಿಲ್ಲ. ಕಲಾವಿದರು ತಾವು ಸೃಷ್ಟಿಸಿದ ಪಾತ್ರಗಳನ್ನು ಜೋಡಿಸಿಡುವ ಟಾಯ್‌ಹೌಸ್ ತಾಣದಲ್ಲಿ ಪಾತ್ರದ ಪುಟಕ್ಕೆ ಈಗಲೂ ಎಚ್‌ಟಿಎಂಎಲ್ ಬರೆಯಬಹುದು. ಅಲ್ಲಿನ ಪಾತ್ರಗಳಲ್ಲಿ ಪ್ರಾಣಿಗಳದ್ದೇ ದೊಡ್ಡ ಹಿಂಡು. ಈಗಿನ ಸವಾಲು ಫೋನಿನ ಇಕ್ಕಟ್ಟಿನ ಪರದೆ. ಅಗಲ ಕಡಿಮೆಯಾದಂತೆ ಮೊದಲು ಬಾಲ ತೆಗೆಯಬೇಕು, ಆಮೇಲೆ ಬದಿಯ ರೋಮ. ಕಿವಿ ಮಾತ್ರ ಕೊನೆಯವರೆಗೂ ಇರಬೇಕು, ಏಕೆಂದರೆ ನರಿಯನ್ನು ಬೆಕ್ಕಿನಿಂದ ಬೇರೆ ಮಾಡಿ ತೋರಿಸಲು ಅಷ್ಟು ಚಿಕ್ಕ ಪರದೆಯಲ್ಲಿ ಉಳಿಯುವುದು ಅದರ ಉದ್ದನೆಯ ಕಪ್ಪು ಕಿವಿಗಳೇ.